ಬಾಗಿಲಲ್ಲಿ ಹೇಳಿದ ಒಡಪು

ಅಜ್ಜಿ,

ಮಣ್ಣಾದವರಿಗೆ ಪತ್ರ ಬರೆಯುವುದು ವೈಚಾರಿಕತೆಗೆ ವಿರುದ್ಧ. ಆದರೂ ವರದಿ ಒಪ್ಪಿಸಲೇಬೇಕಾಗಿದೆ.

ನಿನ್ನೆ ಸಿಂಧನೂರಿನಲ್ಲಿ ಮಂತ್ರವಿಲ್ಲದೆ, ಪ್ರತಿಜ್ಞೆ ಓದಿ ಹುಲಿಗೇಶನನ್ನು ಮದುವೆಯಾದೆ. ಮಸ್ಕಿಯಲ್ಲಿ ಅವನ ಮನೆಯ ಬಾಗಿಲಿಗೆ ನಾದಿನಿ ಪಂಪಾವತಿ ಅಡ್ಡ ನಿಂತಳು.

"ಒಡಪು ಕಟ್ಟಿ ಅಣ್ಣನ ಹೆಸರ ಹೇಳ್ರಿ ವೈನಿ, ಒಳಗ ಬಿಡ್ತೀನಿ."

ಗಂಡನ ಹೆಸರನ್ನು ಪ್ರಾಸದಲ್ಲಿ ಸುತ್ತಿ ಹೇಳಿಸುವ ಒಡಪು ಹೆಣ್ಣಿನ ಗುಲಾಮಗಿರಿಯ ಗುರುತು ಎಂದು ಶುರು ಮಾಡಿದೆ.

"ಭಾಷಣ ಬ್ಯಾಡ್ರಿ, ಅನ್ನ ಆರಾಕತ್ತೈತಿ."

ಹೊಟ್ಟೆ ಹಸಿದಿತ್ತು. ಮುಕ್ಕುಂದದ ಗದ್ದೆಯಲ್ಲಿ ನಾಟಿ ಹಚ್ಚುತ್ತ ನೀನು ಹೇಳುತ್ತಿದ್ದದ್ದೇ ಬಾಯಿಗೆ ಬಂತು:

"ಭತ್ತದ ಗದ್ದ್ಯಾಗ ಬೆಳ್ಳಕ್ಕಿ ಹಿಂಡ,
ವಿರೂಪಾಕ್ಷಪ್ಪ ನನ್ನ ಮಾತು ಕೇಳದ ಗಂಡ!"

ತಾತನ ಹೆಸರು! ಓಣಿಯೆಲ್ಲ ನಕ್ಕಿತು. "ಹಂಗಾದ್ರ ನಾ ಯಾರಬೇ?" ಎಂದ ಹುಲಿಗೇಶ. ನನಗೂ ನಗು ತಡೆಯಲಿಲ್ಲ. ನಾಳೆ ಅವನ ಹೆಸರಿನದು ಹೇಳುತ್ತೇನೆ, ಅವನೂ ನನ್ನ ಹೆಸರಿಗೆ ಒಂದು ಕಟ್ಟಬೇಕು ಎಂಬ ಷರತ್ತಿನ ಮೇಲೆ ಒಳಗೆ ಹೋದೆ.

"ನಿನಗೂ ಒಂದೆರಡು ಕಲಿಸ್ತೀನಿ, ಬಾರವ್ವ" ಎಂದು ನೀನು ಕರೆದಾಗ ನಿನ್ನ ಕೈಗೆ ಸ್ತ್ರೀ ವಿಮೋಚನೆಯ ಕರಪತ್ರ ಕೊಟ್ಟಿದ್ದೆ. ನೀನು ಅದರಲ್ಲಿ ಎಲೆಅಡಿಕೆ ಕಟ್ಟಿಕೊಂಡೆ.

ಬೆಳಗಿನಿಂದ ಕೂತಿದ್ದೇನೆ. ಹುಲಿಗೇಶನ ಹೆಸರಿಗೆ ಹೊಂದುವ ಒಂದು ಸಾಲೂ ಹೊಳೆಯುತ್ತಿಲ್ಲ. ನೀನಾಗಿದ್ದರೆ ಒಂದು ಹಿಡಿ ಸಸಿ ಹಚ್ಚಿ ಮುಗಿಸುವುದರೊಳಗೆ ಕಟ್ಟಿಬಿಡುತ್ತಿದ್ದೆ.

ನಿನ್ನ ಮೊಮ್ಮಗಳು