ಜವಾಬು ಕೊಡುವವರು

ಕುಲಗೋಡ
ಕ್ಷಮಾವಣಿಯ ದಿನ, ೫-೯-೨೦೦೯

ಚಿ. ಸೌ. ಭಕ್ತಿಗೆ,

ಸೊಸೆಗೆ ಬರೆಯುವಾಗ ಮೊದಲು ಆಶೀರ್ವಾದ ಬರೆಯಬೇಕು. ಇವತ್ತು ಅದನ್ನು ಕೊನೆಗೆ ಇಟ್ಟಿದ್ದೇನೆ. ಪೂರ್ತಿ ಓದಿದ ಮೇಲೂ ಬೇಕೆನಿಸಿದರೆ ತೆಗೆದುಕೋ.

ಪ್ರತಿ ವರ್ಷದಂತೆ ಈ ಸಲವೂ ಕ್ಷಮಾವಣಿಯ ಕಾರ್ಡು ಅಚ್ಚು ಹಾಕಿಸಿದ್ದೇವೆ. ತಿಳಿದೋ ತಿಳಿಯದೆಯೋ ನಿಮ್ಮ ಮನಸ್ಸು ನೋಯಿಸಿದ್ದರೆ ಕ್ಷಮಿಸಿ ಎಂದು. ಬೀಗರಿಗೆಲ್ಲ ಹೋಗಿದೆ, ಬೆಲ್ಲದ ಬಾಗೇವಾಡಿಗೆ ನಿನ್ನ ತಂದೆಯ ಹೆಸರಿಗೂ ಹೋಗಿದೆ. ನಿನ್ನ ಹೆಸರು ಬರೆಯಲು ಮೂರು ಸಲ ಪೆನ್ನು ಹಿಡಿದೆ, ಆಗಲಿಲ್ಲ. ನಾನು ಮಾಡಿದ್ದು ತಿಳಿಯದೆ ಮಾಡಿದ್ದಲ್ಲ.

ಯುಗಾದಿಯ ನಂತರ ನೀನು ಆ ದಪ್ಪ ಪುಸ್ತಕ ತಂದೆ. ಗೋಕಾಕದ ಬ್ಯಾಂಕಿನಿಂದ ಬಂದವಳೇ ಅದನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, ರೊಟ್ಟಿ ಬಡಿಯುತ್ತ ಓದುತ್ತಿದ್ದೆ. ಕಂಪ್ಯೂಟರ್ ರಿಪೇರಿಯ ಪರೀಕ್ಷೆಯೇನು ಎಂದು ನಾನು ಕೇಳಿದ್ದಕ್ಕೆ ನೀನು ನಕ್ಕು, "ರಿಪೇರಿ ಅಲ್ರಿ ಅತ್ತಿ. ಕಂಪ್ಯೂಟರ್ ಮ್ಯಾಲೆ ಯಾರ ಮಾತ ನಡೀಬೇಕು, ಕೆಟ್ಟರ ಯಾರು ಜವಾಬು ಕೊಡಬೇಕು, ಅದರ ಪರೀಕ್ಷಾ ಇದು," ಎಂದಿದ್ದೆ. ಪಾಸಾದರೆ ಬ್ಯಾಂಕಿನ ಎಲ್ಲ ಶಾಖೆಗಳ ಕಂಪ್ಯೂಟರ್ ಉಸ್ತುವಾರಿ ನಿನಗೇ ಬರುತ್ತದೆ ಎಂದು ಮಗ ಸಮ್ಮೇದ ಹೇಳಿದ್ದ.

ಆಮೇಲೆ ಒಂದು ದಿನ ನಿನ್ನ ಪುಸ್ತಕದಲ್ಲಿ ಮಡಚಿಟ್ಟ ಕ್ಯಾಲೆಂಡರ್ ಹಾಳೆ ಸಿಕ್ಕಿತು. ಅದರ ಹಿಂದೆ ಗೆರೆ ಹೊಡೆದು ನಮ್ಮ ಮನೆಯನ್ನೇ ಅಭ್ಯಾಸಕ್ಕೆ ತೆಗೆದುಕೊಂಡಿದ್ದೆ. ಕಬ್ಬಿನ ಕಟಾವು, ಡೇರಿಗೆ ಹಾಲು, ಮೊಮ್ಮಗಳು ಮೇಘಾಳ ಸಾಲಿ, ಬೀಗರ ಊಟ. ನಿರ್ಧಾರ ಮಾಡುವವರು ಎಂಬ ಸಾಲಿನಲ್ಲಿ ಮೇಲಿನಿಂದ ಕೆಳಗಿನವರೆಗೆ ‘ಅತ್ತೆ’ ಎಂದಿತ್ತು. ಓದಿ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಪಕ್ಕದಲ್ಲಿ ಜವಾಬು ಕೊಡುವವರು ಎಂಬ ಸಾಲು. ಕಬ್ಬಿಗೆ ಸಮ್ಮೇದ, ಉಳಿದದ್ದಕ್ಕೆಲ್ಲ ನೀನು. ಅಲ್ಲಿ ನನ್ನ ಹೆಸರು ಒಂದು ಕಡೆಯೂ ಇರಲಿಲ್ಲ. ಕೆಳಗೆ ನೀನು ಸಣ್ಣ ಅಕ್ಷರದಲ್ಲಿ, ನಿರ್ಧಾರ ಮಾಡಿದವರೇ ಜವಾಬು ಕೊಡಬೇಕು, ಇಲ್ಲಿ ಹಾಗಿಲ್ಲ, ಇದು ದೋಷ ಎಂದು ಬರೆದಿದ್ದೆ.

ಮೂವತ್ತೆಂಟು ವರ್ಷ ನಡೆಸಿದ ಮನೆ. ಆ ಹಾಳೆಯನ್ನು ನನ್ನ ಟ್ರಂಕಿನಲ್ಲಿ ಹಾಕಿ ಬೀಗ ಹಾಕಿದೆ. ನೀನು ಎರಡು ದಿನ ಹುಡುಕಿದೆ. ನಾನೂ ನಿನ್ನ ಜೊತೆ ಹುಡುಕಿದಂತೆ ಮಾಡಿದೆ.

ಜೂನ್ ತಿಂಗಳಲ್ಲಿ ಊರಿಂದ ಊರಿಗೆ ಕಾಲ್ನಡಿಗೆಯಲ್ಲಿ ವಿಹಾರ ಹೊರಟ ಮುನಿಮಹಾರಾಜರು ಊರಲ್ಲಿ ಮೂರು ದಿನ ನಿಂತರು. ನಿನ್ನ ಪರೀಕ್ಷೆ ಪುಣೆಯಲ್ಲಿ, ಶನಿವಾರ. ನೀನು ಘಟಪ್ರಭಾದಲ್ಲಿ ರೈಲು ಹತ್ತಬೇಕಾದದ್ದು ಶುಕ್ರವಾರ. ಇದೆಲ್ಲ ಗೊತ್ತಿದ್ದೇ ನಾನು ಬುಧವಾರ ಬಸದಿಯಲ್ಲಿ, ಮೂರೂ ದಿನ ನಮ್ಮ ಮನೆಯಲ್ಲಿ ಆಹಾರಕ್ಕೆ ಅಣಿಮಾಡುತ್ತೇವೆ, ಬಾಗಿಲಲ್ಲಿ ಸೊಸೆ ಕಲಶ ಹಿಡಿದು ನಿಲ್ಲುತ್ತಾಳೆ ಎಂದು ಎಲ್ಲರೆದುರು ಹೇಳಿಬಂದೆ. ಸಮ್ಮೇದ ತನ್ನ ಚಿಕ್ಕಮ್ಮನ ಹೆಸರೆತ್ತಿ, "ಅವ್ವಾ, ಕಾಕು ನಿಲ್ತಾಳ, ಆಕಿನ್ನ ಬಿಡು," ಎಂದ. "ಧರ್ಮದಾಗ ಬದಲಿ ಮಂದಿ ನಡಿಯೂದಿಲ್ಲೋ," ಎಂದೆ. ನಡೆಯುತ್ತದೆ, ಭಕ್ತಿ. ಯಾವ ಶಾಸ್ತ್ರದಲ್ಲೂ ಹಾಗೆ ಬರೆದಿಲ್ಲ. ಅದು ನನ್ನ ಮಾತಾಗಿತ್ತು.

ಮುನಿಗಳು ಮನಸ್ಸಿನಲ್ಲಿ ಒಂದು ನಿಯಮ ಹಿಡಿದು ಹೊರಡುತ್ತಾರೆ, ಅದು ಕೂಡಿಬಂದ ಬಾಗಿಲಲ್ಲಿ ಮಾತ್ರ ಆಹಾರ ಎನ್ನುವುದು ನಿನಗೂ ಗೊತ್ತು. ಗುರುವಾರ ಬರಲಿಲ್ಲ, ಶುಕ್ರವಾರ ಬರಲಿಲ್ಲ. ಶನಿವಾರ ಹತ್ತು ಗಂಟೆಗೆ, ಪುಣೆಯಲ್ಲಿ ಪ್ರಶ್ನೆಪತ್ರಿಕೆ ಕೊಡುವ ಹೊತ್ತಿಗೆ, ನೀನು ಒದ್ದೆ ತಲೆಯಲ್ಲಿ ಕಲಶ ಹಿಡಿದು ನಿಂತಿದ್ದೆ. ಮಹಾರಾಜರು ನಮ್ಮ ಬಾಗಿಲಿಗೆ ಬಂದರು, ಒಂದು ಕ್ಷಣ ನಿಂತರು, ಮುಂದೆ ಹೋದರು. ಅವರ ನಿಯಮ ಏನಿತ್ತೋ ನನಗೆ ತಿಳಿಯದು. ನನ್ನ ಬಾಗಿಲಲ್ಲಿ ಏನಿತ್ತು ಎನ್ನುವುದು ತಿಳಿದಿತ್ತು.

ನೀನು ಕಲಶ ಇಳಿಸಿ, "ಹೊತ್ತಾತ್ರಿ ಅತ್ತಿ, ಮೇಘಾಗ ಉಣ್ಣಾಕ ಹಾಕತೇನಿ," ಎಂದೆ. ಅಷ್ಟೇ. ಬೈದಿದ್ದರೆ ತಿರುಗಿ ಬೈಯಲು ನನಗೆ ಬರುತ್ತಿತ್ತು. ಮರುದಿನದಿಂದ ಹಿಟ್ಟಿನ ಡಬ್ಬಿಯ ಹತ್ತಿರ ಪುಸ್ತಕ ಕಾಣಲಿಲ್ಲ.

ಡಿಸೆಂಬರಿನಲ್ಲಿ ಮತ್ತೆ ಪರೀಕ್ಷೆ ಇದೆಯಂತೆ, ಅರ್ಜಿ ಈ ತಿಂಗಳೇ ತುಂಬಬೇಕಂತೆ. ಆಕೆ ತುಂಬುವುದಿಲ್ಲ ಎನ್ನುತ್ತಾಳೆ ಎಂದು ಸಮ್ಮೇದ ಹೇಳಿದ. ತುಂಬು ಎಂದು ನಾನು ಹೇಳಿದರೆ ಅದೂ ನನ್ನದೇ ಅಪ್ಪಣೆಯಾಗುತ್ತದೆ. ಆದ್ದರಿಂದ ನಿನ್ನ ಹಾಳೆಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಕೆಳಗೆ ಎರಡು ಗೆರೆ ಎಳೆದು ನನ್ನ ಕೈಯಿಂದಲೇ ತುಂಬಿದ್ದೇನೆ. ಜೂನ್ ಪರೀಕ್ಷೆ: ನಿರ್ಧಾರ ಮಾಡಿದವರು ಅತ್ತೆ, ಜವಾಬು ಕೊಡುವವರು ಅತ್ತೆ. ಡಿಸೆಂಬರ್ ಪರೀಕ್ಷೆ: ನಿರ್ಧಾರ ಮಾಡುವವರು ಭಕ್ತಿ. ಅದರ ಪಕ್ಕದ ಜಾಗ ಖಾಲಿ ಬಿಟ್ಟಿದ್ದೇನೆ. ಮನೆಯ ಕಡೆಯಿಂದ ಏನಾದರೂ ಅಡ್ಡ ಬಂದರೆ ಅಲ್ಲಿ ನನ್ನ ಹೆಸರು ಬರೆ.

ಆಶೀರ್ವಾದ ಇಲ್ಲಿದೆ.

ನಿನ್ನ ಅತ್ತೆ,
ಅಕ್ಕಾತಾಯಿ ಪಾಯಪ್ಪ ಚೌಗಲಾ

ತಾ.ಕ.: ಇನ್ನೊಂದು ಮುಚ್ಚಿಟ್ಟಿದ್ದೆ. ಜುಲೈನಲ್ಲಿ ಪಕ್ಕದ ಮನೆಯ ಉದ್ದವ್ವ ನಿನ್ನ ಪರೀಕ್ಷೆ ಏನಾಯಿತೆಂದು ಕೇಳಿದಾಗ, ನಪಾಸಾದಳು ಎಂದುಬಿಟ್ಟಿದ್ದೆ. ಓಣಿಯ ಹೆಂಗಸರು ನಿನ್ನನ್ನು ಸಮಾಧಾನ ಮಾಡುತ್ತಿದ್ದದ್ದು ಅದಕ್ಕೇ. ಇವತ್ತು ಬಸದಿಯಿಂದ ಬರುವಾಗ ಉದ್ದವ್ವನ ಕಟ್ಟೆಯ ಮೇಲೆ ನಾಲ್ಕು ಮಂದಿ ಕೂತಿದ್ದರು. ನಿಂತು ನಡೆದದ್ದನ್ನೆಲ್ಲ ಹೇಳಿದೆ. ಉದ್ದವ್ವ ಎಲೆ ಅಡಿಕೆ ಹಾಕಿಕೊಳ್ಳುತ್ತ, "ಹಂಗಾರ ನಪಾಸಾದಾಕಿ ನೀನ ಅನ್ನು, ಅಕ್ಕಾತಾಯಿ," ಎಂದಳು. ಹೌದು ಎಂದು ಹೇಳಿ ಮನೆಗೆ ಬಂದು ಈ ಪತ್ರ ಬರೆಯಲು ಕೂತೆ.