ಎಡಗಡೆಯ ಸೀಟು

ಕೇದಾರ ಘಾಟ್, ವಾರಾಣಸಿ
೬ ಏಪ್ರಿಲ್ ೨೦೨೫

ಮುದ್ದು ತನ್ಮಯಿ,

ಮೊದಲು ಲೆಕ್ಕ ಒಪ್ಪಿಸುತ್ತೇನೆ. ಕಾರಿಗೆ ಎಂಟು ಲಕ್ಷ ನಲವತ್ತು ಸಾವಿರ. ನಮ್ಮ ಓಣಿಯಲ್ಲಿ ಎರಡು ಹಸು ಎದುರಾದರೆ ಒಂದು ಹಿಂದೆ ಸರಿಯಬೇಕು. ಹಾಗಾಗಿ ಸೋನಾರ್‌ಪುರಾದ ಅಂಗಳವೊಂದರಲ್ಲಿ ನಿಲ್ಲಿಸಲು ಇಪ್ಪತ್ತು ತಿಂಗಳ ಬಾಡಿಗೆ ಐವತ್ತು ಸಾವಿರ. ಎಮ್ಮೆ ಉಜ್ಜಿ ಮುರಿದ ಎರಡು ಕನ್ನಡಿಗೆ ಏಳು ಸಾವಿರ. ಒಟ್ಟು ಎಂಟು ಲಕ್ಷ ತೊಂಬತ್ತೇಳು ಸಾವಿರ. ಓಡಿದ್ದು ಎರಡು ಸಾವಿರದ ಒಂಬೈನೂರು ಕಿಲೋಮೀಟರು. ಅದರಲ್ಲಿ ಅರ್ಧ, ನಿಲ್ಲಿಸಲು ಜಾಗ ಹುಡುಕಿ.

ಕಾರು ಬಳ್ಳಾರಿಗೆ ಯಾವಾಗ ಕಳಿಸುತ್ತೀರಿ ಎಂದು ನೀನು ಮೂರು ಸಲ ಕೇಳಿದೆ. ಮೂರು ಸಲವೂ ನಾನು ಫೋನಿನಲ್ಲಿ ಕೆಮ್ಮಿ ಬೇರೆ ಮಾತು ತೆಗೆದೆ. ಕ್ಷಮಿಸು. ಬಾಯಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ಈ ಓಣಿಯ ಹನ್ನೊಂದು ಮನೆಗಳಲ್ಲಿ ಏಳಕ್ಕೆ ಕಾರಿದೆ. ಬಾಗಿಲಿಗೆ ಬರದ ಕಾರಿನ ಕೀಲಿಯನ್ನು ಎಲ್ಲರೂ ಜನಿವಾರದ ಹಾಗೆ ಮೈಗಂಟಿಸಿಕೊಂಡಿದ್ದೇವೆ. ಯಾತ್ರಿಕರ ಟ್ರಂಕು ಹೊತ್ತು ಮೇಲೆ ಬಂದವನು ನಾನು. "ಗಾಡಿ ಇದೆಯಾ ಆಚಾರ್ರೇ?" ಎಂದು ಅವರು ಕೇಳಿದಾಗ "ಇದೆ" ಎನ್ನುವ ಸುಖಕ್ಕೆ ಎಷ್ಟು ಕೊಟ್ಟರೂ ಕಡಿಮೆಯೇ ಅನಿಸಿತ್ತು. ನಿನ್ನ ಅಮ್ಮನಿಗೂ ಅದೆಂದರೆ ಪ್ರಾಣ. "ಕಾರಿನ ತನಕ ಹೋಗೋಕೂ ಆಟೋ ಹಿಡೀಬೇಕಲ್ರೀ!" ಎಂದು ನಗುತ್ತಲೇ ಎಡಗಡೆ ಕೂತು, ಕಿಟಕಿ ಇಳಿಸಿ, ಸಾರನಾಥದವರೆಗೂ ಮಹಾರಾಣಿ.

ಕಾಶಿಗೆ ಬಂದವರು ಪ್ರಿಯವಾದದ್ದೊಂದನ್ನು ಬಿಡಬೇಕಲ್ಲ. ಅಂಗೈಗೆ ಗಂಗೆ ಹಾಕಿ ಸಂಕಲ್ಪ ಹೇಳಿಸುವುದು ನನ್ನ ಕಸುಬು. ಜನ ಜಾಣರು, ಹಾಗಲಕಾಯಿ ಬಿಟ್ಟು ಹೋಗುತ್ತಾರೆ. ಹೋದ ಆಷಾಢದಲ್ಲಿ ನೀನು ಮತ್ತೆ ಬಸುರಿ ಎಂದು ತಿಳಿದ ದಿನ ಅಮ್ಮ ನನ್ನ ಮುಂದೆ ಕೈ ಚಾಚಿದಳು. "ಮೊದಲನೇದು ಉಳೀಲಿಲ್ಲ. ಇದು ಕೈಗೆ ಬರೋವರೆಗೂ ನಾನು ಕಾರು ಬಿಟ್ಟೆ. ಮಗಳಿಗೆ ಹೇಳ್ಬೇಡಿ." ನೀರು ಹಾಕಿದವನು ನಾನೇ.

ಮಾರ್ಗಶಿರದಲ್ಲಿ ಅವಳನ್ನು ಹರಿಶ್ಚಂದ್ರ ಘಾಟಿನ ಚಿತೆಯಲ್ಲಿ ಬಿಟ್ಟುಬಂದು, ಹದಿಮೂರು ದಿನ ಕಳೆದು ಕಾರು ತೆಗೆದೆ. ಎಡಗಡೆ ಕೂತವರು ಬೆಲ್ಟ್ ಹಾಕದಿದ್ದರೆ ಕಾರಿನ ಗಂಟೆ ಬಡಿಯುತ್ತದಲ್ಲ, ಆ ಸದ್ದು ಶುರುವಾಯಿತು. ಸೀಟು ಖಾಲಿ. ಬೆಲ್ಟ್ ಎಳೆದು ಸಿಕ್ಕಿಸಿದೆ, ಸುಮ್ಮನಾಯಿತು. ಅಸ್ಸಿ ತಿರುವಿನಲ್ಲಿ ಟಕ್ ಎಂದು ತಾನೇ ಬಿಚ್ಚಿಕೊಂಡು ಮತ್ತೆ ಬಡಿಯಿತು. ಕಿಟಕಿ ಇಳಿದಿತ್ತು. ನಾನು ಇಳಿಸಿರಲಿಲ್ಲ.

ಗ್ಯಾರೇಜಿನ ಮಿಸ್ತ್ರಿ ಸೀಟು ಬಿಚ್ಚಿ ನೋಡಿದ. "ಸಬ್ ಠೀಕ್ ಹೈ, ಪಂಡಿತ್‌ಜೀ. ಯಾರಾದರೂ ಕೂತರೆ ಮಾತ್ರ ಬಡಿಯುತ್ತದೆ," ಎಂದ. ಇನ್ನೂರು ರೂಪಾಯಿ ಕೊಟ್ಟೆ, ರಸೀದಿ ಕೇಳಲಿಲ್ಲ.

ಫೆಬ್ರವರಿ ಹದಿನೇಳು, ಬೆಳಗ್ಗೆ ಹತ್ತೂ ಕಾಲು. ಭೇಲೂಪುರದಲ್ಲಿ ಸದ್ದು ನಡುವೆಯೇ ನಿಂತಿತು. ಹತ್ತೂವರೆಗೆ ಅಳಿಯಂದಿರ ಫೋನು: ಹೆಣ್ಣು ಕೂಸು, ಇಬ್ಬರೂ ಕ್ಷೇಮ. ಅಂದಿನಿಂದ ಕಾರಿನಲ್ಲಿ ಮೌನ. ಮೊನ್ನೆ ತಾಳಲಾರದೆ ಆ ಸೀಟಿನ ಮೇಲೆ ಇಪ್ಪತ್ತೈದು ಕಿಲೋ ಅಕ್ಕಿಯ ಚೀಲ ಇಟ್ಟೆ. ಬಡಿಯಿತು. ಆದರೆ ಅದು ಅಕ್ಕಿ.

ಕಾರು ಕಳಿಸಲಾರೆ ಮಗಳೇ. ಆ ಸೀಟಿನಲ್ಲಿ ನಿನ್ನನ್ನು ಕೂರಿಸಲಾರೆ. ನೀನೂ ಕೂಸೂ ನೂರು ಕಾಲ ನಗುನಗುತ್ತ ಬಾಳಿ.

ನಿನ್ನ ಅಪ್ಪ,
ಸಂಕರ್ಷಣ

ಸಹಿ ಹಾಕಿದ ಮೇಲೆ: ಅಮ್ಮ ಮಲಗಿದಲ್ಲೇ ಹೋದಳು ಎಂದು ನಿನಗೆ ಹೇಳಿದ್ದು ಸುಳ್ಳು. ಮಧ್ಯಾಹ್ನ ಎದೆನೋವು ಬಂತು. ಪಕ್ಕದ ಮನೆಯ ವಿಶಾಲಾಕ್ಷಿ, "ಆಚಾರ್ರೇ, ದೋಣೀಲಿ ಆಸ್ಪತ್ರೆಗೆ ಕರ್ಕೊಂಡ್ಹೋಗಿ, ಬೇಗ ಆಗತ್ತೆ!" ಎಂದು ಕೂಗಿದಳು. "ಸ್ವಂತ ಕಾರಿರುವಾಗ ದೋಣಿಯೇ?" ಎಂದೆ. ಕಾರು ನಿಲ್ಲಿಸಿದ್ದ ಅಂಗಳದವರೆಗೆ ಕುರ್ಚಿಯಲ್ಲಿ ಹೊತ್ತೆವು. "ಬಿಟ್ಟಿದ್ದೀನಲ್ರೀ, ಹತ್ತಿಸ್ಬೇಡಿ," ಎಂದಳು ಅಮ್ಮ. "ಸಂಕಲ್ಪ ಹೇಳಿಸಿದವನೇ ಬಿಡುಗಡೆ ಮಾಡಿದ್ದೀನಿ, ಹತ್ತೇ," ಎಂದೆ. ಬೆಲ್ಟ್ ಹಾಕಹೋದಾಗ ನನ್ನ ಕೈ ಹಿಡಿದಳು: "ಅದೊಂದು ಬೇಡ. ಹಾಕಿದ್ರೆ ಕೂತ ಲೆಕ್ಕ ಆಗತ್ತೆ. ಮಗು ಬರ್ಲಿ." ಚೌಕದ ಜಾಮಿನಲ್ಲಿ ಐವತ್ತು ನಿಮಿಷ ನಿಂತೆವು. ಅಷ್ಟು ಹೊತ್ತೂ ಅದು ಬಡಿಯುತ್ತಿತ್ತು. ಅವಳು ಸುಮ್ಮನಾದ ಮೇಲೂ.

ಯಾರಿಗೇನು ಸಿಕ್ಕಿತು ಎಂದರೆ: ಅಂಗಳದವನಿಗೆ ಐವತ್ತು ಸಾವಿರ. ನಿನಗೆ ಮಗಳು. ನಿನ್ನ ಅಮ್ಮನಿಗೆ, ಬೆಲ್ಟ್ ಹಾಕದೆ ಉಳಿಸಿಕೊಂಡ ಮಾತು. ನನಗೆ ಕಾರು.