ಬೆನ್ನ ಹಿಂದಿನ ಜಿಪ್ಪು

ಮಾರ್ಚ್ ೪, ಮಂಗಳವಾರ

ಶೆಡ್ಡಿನಲ್ಲಿ ಇವತ್ತೂ ಬಸ್ಸಿನ ಸೀಟೇ. ಹಿಂದಿನ ಸಾಲಿನ ಉದ್ದನೆಯದು, ಯಾರೋ ಬ್ಲೇಡು ಹಾಕಿ ಸೀಳಿದ್ದರು. ಹಳೆ ರೆಕ್ಸಿನ್ ಕಿತ್ತು ಹೊಸದು ಹೊಲಿದೆ. ಮೇಸ್ತ್ರಿ ಬಂದು ನೋಡಿ "ಆಯ್ತಾ?" ಎಂದ. ಅವನ ಬಾಯಲ್ಲಿ ಅದೇ ದೊಡ್ಡ ಹೊಗಳಿಕೆ.

ಮನೆಗೆ ಬಂದರೆ ಮೊಮ್ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು. ಬಾಬಿನ್ ಅಂತ ನಾನಿಟ್ಟ ಹೆಸರು. ಹೊಲಿಗೆ ಮೆಷಿನ್ನಿನೊಳಗೆ ದಾರದ ಬಾಬಿನ್ ಸುತ್ತುವ ಹಾಗೆ ಮನೆಯೊಳಗೆ ಸುತ್ತುತ್ತಾಳೆ. ಈ ತಿಂಗಳ ಕೊನೆಗೆ ಏಳು ತುಂಬುತ್ತದೆ. ಬರ್ತ್‌ಡೇ ಬಾಹ್ಯಾಕಾಶದ್ದೇ ಆಗಬೇಕಂತೆ.

"ಅದಕ್ಕೆ ಏನೇನು ಬೇಕೇ?"

"ಚಂದ್ರ ಬೇಕು. ರಾಕೆಟ್ ಬೇಕು. ಫ್ರೆಂಡ್ಸ್‌ಗೆಲ್ಲ ಆ ಉಬ್ಬಿದ ಡ್ರೆಸ್ ಬೇಕು. ಅಲ್ಲಿ ಗಾಳಿ ಇರಲ್ಲ ಅಜ್ಜಿ."

ಗಾಳಿಯೇ ಇಲ್ಲದ ಕಡೆಗೆ ಹೆತ್ತವರು ಹೇಗೆ ಕಳಿಸುತ್ತಾರೋ... ಆದರೂ ಹೂಂ ಎಂದೆ. ನನ್ನ ಕೈಲಿ ಆಗುತ್ತದೆ.

ಮಾರ್ಚ್ ೫, ಬುಧವಾರ

ಸೊಸೆಯ ಮದುವೆ ಮುಂದಿನ ತಿಂಗಳು. ಮಗ ಹೋಗಿ ಮೂರು ವರ್ಷವಾಯಿತು. ಇನ್ನೊಂದು ಮದುವೆ ಆಗು ಎಂದು ಬೆನ್ನು ಬಿದ್ದವಳು ನಾನೇ. ಆ ಮಾತಿನಿಂದ ಹಿಂದೆ ಸರಿಯುವುದಿಲ್ಲ. ಅವಳನ್ನು ಮದುವೆಯಾಗುವ ಕನ್ನಡಕದ ಅಂಗಡಿಯವರು ಒಳ್ಳೆಯ ಮನುಷ್ಯ. ಸೊಸೆ ಕೆಲಸ ಮಾಡುವ ಔಷಧಿ ಅಂಗಡಿಯ ಪಕ್ಕದ್ದೇ ಅವರದು. ನನ್ನೆದುರು ಕೂತರೆ ತಮ್ಮ ಕನ್ನಡಕ ತೆಗೆದು ಒರೆಸುತ್ತಾರೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ. ಇವರೂ ನನ್ನ ಜಾತಿಯವರೇ, ಗಾಬರಿ ಬೀಳುವವರು ಎಂದು ಸಮಾಧಾನ.

ಮದುವೆಯಾದ ಮೇಲೆ ಸೊಸೆ, ಬಾಬಿನ್ ಅವರ ಮನೆಗೆ. ಅದು ಗೊತ್ತಿರುವುದೇ. ನಾನು? ಯಾರೂ ಬಾಯಿ ಬಿಟ್ಟಿಲ್ಲ. ನಾನೂ ಕೇಳಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ.

ಬಾಬಿನ್ ಇಲ್ಲದ ಈ ಮನೆಯಲ್ಲಿ ಬೆಳಿಗ್ಗೆ ಎದ್ದು — ಬೇಡ, ಬರೆಯುವುದಿಲ್ಲ.

ಒಂದು ಯೋಚನೆ ಬಂದಿದೆ. ಈ ಪಾರ್ಟಿ ಎಷ್ಟು ಚೆನ್ನಾಗಿ ಆಗಬೇಕೆಂದರೆ, ಇಂಥ ಅಜ್ಜಿಯನ್ನು ಬಿಟ್ಟು ಹೋಗುವುದಾದರೂ ಹೇಗೆ ಎಂದು ಅವರಿಗೇ ಅನ್ನಿಸಬೇಕು.

ಮಾರ್ಚ್ ೮, ಶನಿವಾರ

ಚಂದ್ರ ಸಿಕ್ಕಿದ. ಶೆಡ್ಡಿನ ಮೂಲೆಯಲ್ಲಿ ಹಳೆ ಸೀಟುಗಳ ಫೋಮು ಬಿದ್ದಿತ್ತು. ಮೇಸ್ತ್ರಿಯನ್ನು ಕೇಳಿದೆ.

"ಯಾವ ಗಾಡಿಗಮ್ಮ?"

"ಚಂದ್ರಂಗೆ."

"ಬಿಲ್ಲು ಯಾರ ಹೆಸರಿಗೆ ಹಾಕ್ಲಿ?" ಎಂದವನು ತಾನೇ ಹೊತ್ತು ಆಟೋಗೆ ಹಾಕಿಕೊಟ್ಟ.

ನಡುಮನೆಯ ಅಗಲಕ್ಕೂ ಹಾಸಿ ಅಂಟಿಸಿದೆ. ಫೋಮು ಕೊಯ್ಯುವ ಚಾಕುವಿನಿಂದ ದುಂಡಗೆ ಕೆತ್ತಿ ಕುಳಿ ಮಾಡಿದೆ. ಮೇಲೆ ಬೂದು ಬಣ್ಣದ ಬಟ್ಟೆ. ಬಾಬಿನ್ ಹತ್ತಿ ಒಂದು ಹೆಜ್ಜೆ ಇಟ್ಟಳು. ಕಾಲು ಹುಗಿದು, ಮೆಲ್ಲಗೆ ಮೇಲೆ ಬಂತು. ನಡಿಗೆ ತಾನಾಗಿಯೇ ನಿಧಾನವಾಯಿತು. "ಅಜ್ಜಿ, ಟಿವೀಲಿ ಹೀಗೇ ನಡೀತಾರೆ" ಎಂದಳು. ಎಲ್ಲಿಂದಲೋ ಕಲಿತು ಮಾಡಿದ್ದಲ್ಲ, ಆದರೂ ಸರಿಯಾಗಿದೆ.

ಆಮೇಲೆ ಹೊಟ್ಟೆಗೆ ಬೆಂಕಿ ಇಟ್ಟಳು. ಪಾರ್ಟಿಗೆ ಹೊಸಜ್ಜಿಯೂ ಬರುತ್ತಾರಂತೆ. ಕನ್ನಡಕದವರ ತಾಯಿ. ಹಿಂದೆ ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವರು. ನಾನಿನ್ನೂ ನೋಡಿಲ್ಲ.

"ಹೊಸಜ್ಜಿ ಮನೇಲಿ ಬೆಕ್ಕಿದೆ ಗೊತ್ತಾ?"

ಇರಲಿ. ಬೆಕ್ಕಿಗೆ ಚಂದ್ರನನ್ನು ಮಾಡಲು ಬರುತ್ತದಾ?

ಮಾರ್ಚ್ ೧೨, ಬುಧವಾರ

ಡ್ರೆಸ್ಸು ಶುರು. ಬೆಳ್ಳಿ ಬಣ್ಣದ ರೆಕ್ಸಿನ್, ಒಳಗೆ ತೆಳು ಫೋಮು. ಮಕ್ಕಳ ಬಟ್ಟೆ ಹೊಲಿದವಳಲ್ಲ ನಾನು, ಆದರೆ ಮಗು ಎಂದರೇನು, ಕೈಕಾಲಿರುವ ಕುಶನ್ನು. ಹಾಗೆಂದುಕೊಂಡ ಮೇಲೆ ಕತ್ತರಿ ತಾನೇ ಓಡಿತು. ಮುಂದೆ ನೀಟಾಗಿ ಕಾಣಲಿ ಎಂದು ಜಿಪ್ಪನ್ನು ಬೆನ್ನ ಹಿಂದೆ ಇಟ್ಟೆ. ಸೊಸೆ ಒಂದನ್ನು ಎತ್ತಿ ನೋಡಿ, "ಅತ್ತೆ, ಇದು ಅಂಗಡೀಲಿ ಸಿಕ್ಕೋ ಹಾಗಿದೆ" ಎಂದಳು. ಖುಷಿಯಾಯಿತು. ಅವಳ ಕಣ್ಣು ಯಾಕೋ ತುಂಬಿದ ಹಾಗಿತ್ತು. ಖುಷಿ ಅಲ್ಲಿಗೇ ನಿಂತಿತು.

ಮಾರ್ಚ್ ೧೯, ಬುಧವಾರ

ಒಂದು ವಾರ ಬರೆಯಲಿಲ್ಲ. ಬರೆಯಲು ಕೂತರೆ ಬರೀ ಅದೇ.

ಗುರುವಾರ ಸೊಸೆ ತಟ್ಟೆ ತೊಳೆಯುತ್ತಾ ಬೆನ್ನು ತಿರುಗಿಸಿಯೇ ಅಂದಳು — "ಅತ್ತೆ, ನಿಮ್ಮ ಹತ್ರ ಒಂದು ವಿಷಯ ಮಾತಾಡ್ಬೇಕು." ನನ್ನ ಕೈಯಲ್ಲಿದ್ದ ಲೋಟ ಜಾರಿತು. ಸ್ಟೀಲಿನದು, ಒಡೆಯಲಿಲ್ಲ. "ಹೋಗ್ಲಿ ಬಿಡಿ, ಪಾರ್ಟಿ ಮುಗೀಲಿ" ಎಂದು ಮತ್ತೆ ತಟ್ಟೆ ಉಜ್ಜಿದಳು.

ಒಳ್ಳೆಯ ಸುದ್ದಿಯಾದರೆ ಪಾರ್ಟಿ ಮುಗಿಯುವ ತನಕ ಕಾಯಬೇಕಾ?

ಡ್ರೆಸ್ಸೆಲ್ಲ ಮುಗಿದವು. ಹೊಲಿಗೆ ಒಂದೂ ಸಡಿಲ ಇಲ್ಲ. ಕೈ ಮಾತ್ರ ನನ್ನ ಮಾತು ಕೇಳುತ್ತದೆ, ತಲೆ ಕೇಳುವುದಿಲ್ಲ.

ಮಾರ್ಚ್ ೨೨, ಶನಿವಾರ, ಮಧ್ಯಾಹ್ನ

ಎಲ್ಲ ತಯಾರು. ಕರೆಂಟು ಹೋದರೆ ಎರಡು ಟಾರ್ಚು. ಬಿದ್ದರೆ ಮುಲಾಮು. ಬಲೂನು ಒಡೆದು ಚೂರು ನುಂಗಿಯಾರು ಎಂದು ಬಲೂನೇ ಬೇಡ ಎಂದಿದ್ದೇನೆ, ಗ್ರಹಗಳೆಲ್ಲ ಬಟ್ಟೆಯವು. ಕೇಕು ಕೆಟ್ಟರೆ ಬಿಸ್ಕತ್ತು. ರೆಕ್ಸಿನ್ನಿನೊಳಗೆ ಸೆಕೆಯಾಗುತ್ತದೆ ಎಂದು ಜ್ಯೂಸು ಧಾರಾಳ. ಮಕ್ಕಳು ಚೆನ್ನಾಗಿ ಕುಡಿಯಲಿ.

ಕನ್ನಡಕದವರು ಬಂದು ಚಪ್ಪಲಿ ಬಿಚ್ಚಿ ಚಂದ್ರನ ಮೇಲೆ ನಡೆದು ನೋಡಿದರು. ರಾಕೆಟ್ಟಿನ ಸದ್ದಿಗೆ ತಾವು ಅಡುಗೆಮನೆಯಲ್ಲಿ ಮಿಕ್ಸಿ ಓಡಿಸುತ್ತಾರಂತೆ. "ಒಳಗೆ ಏನೂ ಹಾಕ್ದೆ ಓಡಿಸಿದ್ರೆ ಸುಟ್ಟು ಹೋಗುತ್ತೆ" ಎಂದೆ. "ನೀರು ಹಾಕ್ತೀನಿ" ಎಂದರು ಮಗುವಿನ ಹಾಗೆ.

ಯೋಚಿಸದೆ ಬಿಟ್ಟದ್ದು ಒಂದೂ ಇಲ್ಲ. ನಾಳೆ ನನ್ನನ್ನು ಯಾರೂ ಹಿಡಿಯುವಂತಿಲ್ಲ.

ಮಾರ್ಚ್ ೨೩, ಭಾನುವಾರ, ಸಂಜೆ

ಕೈ ಇನ್ನೂ ನೋಯುತ್ತಿದೆ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಮಕ್ಕಳು ಬಂದರು. ಹಾಕಿದ ಬಟ್ಟೆಯ ಮೇಲೇ ಡ್ರೆಸ್ಸು ತೊಡಿಸಿ ಹಿಂದಿನಿಂದ ಜಿಪ್ಪು ಹಾಕಿದೆ. ಹತ್ತರಿಂದ ಹಿಂದಕ್ಕೆ ಎಣಿಸಿದರು. ಮಿಕ್ಸಿ ಮೊರೆಯಿತು, ರಾಕೆಟ್ಟಿನ ಬಾಗಿಲೆಂದು ಕಟ್ಟಿದ್ದ ಪರದೆ ಸರಿಯಿತು, ಮಕ್ಕಳು ಚಂದ್ರನ ಮೇಲೆ ಕಾಲಿಟ್ಟರು. ಬೆಳ್ಳಿ ಕುಶನ್ನುಗಳ ಹಾಗೆ ನಿಧಾನಕ್ಕೆ ಏಳುತ್ತಾ ಬೀಳುತ್ತಾ ನಡೆದರು. ಬಾಬಿನ್ ಕುಳಿಯೊಳಗೆ ಕೂತು ನನಗೆ ಕೈ ಬೀಸಿದಳು. ಆ ಗಳಿಗೆ ಸಾಕಿತ್ತು ನನಗೆ.

ಆಮೇಲೆ ಬೆವರಿದರು. ಜ್ಯೂಸು ಕುಡಿದರು. ಮತ್ತೆ ಕುಡಿದರು. ದಪ್ಪ ಹುಡುಗನೊಬ್ಬ ಬಂದು ನನ್ನ ಸೆರಗು ಎಳೆದು, "ಅಜ್ಜಿ, ಒಂದಕ್ಕೆ" ಎಂದ.

ತಿರುಗಿಸಿ ಜಿಪ್ಪಿಗೆ ಕೈ ಹಾಕಿದೆ. ಎಳೆಯಲು ಹಿಡಿಯುವ ಚೂರು, ಆ ಕಿವಿಯೇ ಇಲ್ಲ.

ಸೀಟಿನ ಜಿಪ್ಪಿಗೆ ಕಿವಿ ಬಿಡುವುದಿಲ್ಲ ನಾವು. ಬಿಟ್ಟರೆ ಪ್ರಯಾಣಿಕರು ಸುಮ್ಮನೆ ಕೂರದೆ ಎಳೆಯುತ್ತಾರೆ. ಹೊಲಿದಾದ ಮೇಲೆ ಇಕ್ಕಳದಲ್ಲಿ ಕಚ್ಚಿ ಕತ್ತರಿಸುವುದು, ಅದು ಕೈಗೆ ಬಂದುಬಿಟ್ಟಿದೆ. ಎಲ್ಲ ಡ್ರೆಸ್ಸಿಗೂ ಹಾಗೇ ಮಾಡಿದ್ದೆ. ಹಾಕುವಾಗ ಬೆರಳಲ್ಲೇ ನೂಕಿದ್ದೆ, ಏರಿತ್ತು. ಈಗ ಬೆವರಿಗೆ ಬೆರಳು ಜಾರುತ್ತಿದೆ, ಜಿಪ್ಪು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಒಬ್ಬ ಕೇಳಿದನಲ್ಲ, ಉಳಿದವರಿಗೆಲ್ಲ ಅದೇ ನೆನಪಾಯಿತು. ಬಚ್ಚಲ ಬಾಗಿಲಲ್ಲಿ ಗಗನಯಾತ್ರಿಗಳು ಕಾಲು ಹೆಣೆದುಕೊಂಡು ಕುಣಿಯುತ್ತಿದ್ದಾರೆ.

"ಕತ್ತರಿ ತರ್ಲಾ ಅತ್ತೆ?" ಸೊಸೆ.

ತಾ ಎನ್ನಬೇಕಿತ್ತು. ಜಿಪ್ಪನ್ನೇ ಮತ್ತೆ ನೂಕಿದೆ. ಮುಗಿಯಿತು, ಇದನ್ನು ನೋಡಿದ ಮೇಲೆ ಯಾರು ತಾನೇ ಈ ಮುದುಕಿಯನ್ನು ಕಟ್ಟಿಕೊಳ್ಳುತ್ತಾರೆ ಎನ್ನಿಸಿತು.

ಅಷ್ಟರಲ್ಲಿ ಹೊಸಜ್ಜಿ ಎದ್ದು ಬಂದರು. ಅಲ್ಲಿಯ ತನಕ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದವರು. ತುರುಬಿನಿಂದ ಒಂದು ಪಿನ್ನು ಕಿತ್ತರು, ಜಿಪ್ಪಿನ ತಲೆಯ ತೂತಿಗೆ ತೂರಿಸಿದರು, ಸರ್ರನೆ ಎಳೆದರು. ಹುಡುಗ ಹಾರಿ ಒಳಗೆ ಓಡಿದ.

"ಕುಣೀಬೇಡಿ. ಸಾಲಾಗಿ ನಿಲ್ಲಿ. ಚಿಕ್ಕವರು ಮುಂದೆ." ಹಾಸ್ಟೆಲಿನ ದನಿ. ಮಕ್ಕಳು ನಿಂತೇಬಿಟ್ಟರು. ನನ್ನ ಕೈಗೂ ಒಂದು ಪಿನ್ನು ಬಂತು. ಅವರು ಬಿಚ್ಚುವುದು, ಬಂದವರಿಗೆ ನಾನು ಮತ್ತೆ ಹಾಕುವುದು.

"ಹೊಲಿಗೆ ಗಟ್ಟಿಯಾಗಿದೆ," ಎಂದರು ನನ್ನ ಕಡೆ ನೋಡದೆ.

"ಅದೇ ಆಗಿದ್ದು ತಪ್ಪು."

"ನಿಮ್ಮನ್ನ ಏನಂತ ಕರೀಬೇಕೋ ಗೊತ್ತಾಗ್ತಿಲ್ಲ. ನನ್ನ ಸೊಸೆಗೆ ನೀವು ಅತ್ತೆ, ನಾನೂ ಅತ್ತೆ."

"ಬೀಗಿತ್ತಿ ಅನ್ನಿ. ಯಾರು ಬಂದು ಕೇಳ್ತಾರೆ," ಎಂದೆ.

ನಕ್ಕರು. ಮುಂದಿನ ಮಗುವನ್ನು ತಿರುಗಿಸಿಕೊಂಡರು. "ಬೀಗಿತ್ತಿ, ಒಂದು ಮಾತು. ನಿಮ್ಮನ್ನೂ ನಮ್ಮ ಮನೆಗೇ ಕರ್ಕೊಂಡು ಬರೋಣ ಅಂತ ಮಗ, ಸೊಸೆ ಇಬ್ರೂ ಅಂತಿದ್ರು. ಬೇಡ ಅಂದೋಳು ನಾನು. ಒಂದು ಅಡುಗೆಮನೇಲಿ ಇಬ್ರು ಮುದುಕೀರು ಯಾಕೆ ಅಂತ."

"ಈಗ?"

"ಈಗೇನು, ಇನ್ನೂ ಅರ್ಧ ಸಾಲು ಬಾಕಿ ಇದೆ. ಆ ಪಿನ್ನು ಕೊಡಿ, ಇದು ಬಗ್ಗಿಹೋಯ್ತು."

ಸಾಲಿನ ಕೊನೆಯಲ್ಲಿ ಬಾಬಿನ್ ಗೆಳತಿಗೆ ಹೇಳುತ್ತಿದ್ದಳು — "ನಮ್ಮಜ್ಜಿ ಬೇಕಂತಲೇ ಹಾಗ್ ಮಾಡಿದ್ದು. ನಿಜವಾದ ಬಾಹ್ಯಾಕಾಶದಲ್ಲೂ ಒಬ್ರೇ ಡ್ರೆಸ್ ಬಿಚ್ಚೋಕಾಗಲ್ಲ. ಇಬ್ರು ಬೇಕು."

ಹೊರಡುವಾಗ ಬೀಗಿತ್ತಿ ಚಪ್ಪಲಿ ಹುಡುಕುತ್ತಾ ನಿಂತರು. ಕೂದಲು ಪೂರ್ತಿ ಬಿಚ್ಚಿಹೋಗಿತ್ತು. "ಮೇಲಿನ ರೂಮು ಖಾಲಿ ಇದೆ. ಬೆಳಿಗ್ಗೆ ನನಗೆ ಯಾರ ಹತ್ರಾನೂ ಮಾತು ಬೇಡ, ಎಂಟು ಗಂಟೆ ಆದ್ಮೇಲೆ ಆಗಬಹುದು. ಅದು ನಿಮಗೆ ಆಗುತ್ತಾ ನೋಡ್ಕೊಳ್ಳಿ. ಸೊಸೆಗೆ ನಿಮ್ಮನ್ನ ಕೇಳೋಕೆ ಭಯವಂತೆ. ನಿಮ್ಮ ಮಗ ಬಾಳಿದ ಮನೆ ಬಿಟ್ಟು ಬನ್ನಿ ಅಂತ ಹೇಗೆ ಕೇಳೋದು ಅಂತಾಳೆ."

ಅವಳಿಗೂ ಭಯ. ಎಲ್ಲರೂ ಭಯ ಬಿದ್ದುಕೊಂಡೇ ತಟ್ಟೆ ತೊಳೆದಿದ್ದೇವೆ.

ಮಾರ್ಚ್ ೨೪, ಸೋಮವಾರ

ಅರ್ಧ ದಿನ ರಜೆ ಹಾಕಿದೆ. ಸೊಸೆ ಬಾಬಿನ್ನಳನ್ನು ಶಾಲೆಯಿಂದ ಕರೆತರಲು ಹೋಗಿದ್ದಾಳೆ. ನಿನ್ನೆ ಮಕ್ಕಳ ಸದ್ದಿನಲ್ಲಿ, ಆಮೇಲೆ ಸುಸ್ತಿನಲ್ಲಿ, ಅವಳ ಹತ್ತಿರ ಮಾತಾಡಲು ಆಗಲಿಲ್ಲ.

ಹೋಗುವುದಾ? ಬೆಳಿಗ್ಗೆಯಿಂದ ಯೋಚಿಸುತ್ತಿದ್ದೇನೆ. ಆ ಮನೆಯಿಂದ ಶೆಡ್ಡಿಗೆ ಎರಡು ಬಸ್ಸು, ಎರಡನೆಯದು ಸಿಗದಿದ್ದರೆ? ಎಂಟು ಗಂಟೆಯ ತನಕ ಮಾತಾಡದೆ ಇರುವುದು ನನ್ನ ಕೈಲಿ ಆಗುತ್ತದಾ? ಬೆಕ್ಕು ರಾತ್ರಿ ಹಾಸಿಗೆಗೆ ಬರುತ್ತದೋ ಏನೋ. ಅವರ ಒಲೆ ಎತ್ತರವೋ ತಗ್ಗೋ, ಒದ್ದೆ ಬಟ್ಟೆ ಎಲ್ಲಿ ಹರವುತ್ತಾರೋ. ಮೇಲಿನ ರೂಮಿಗೆ ಹೊರಗಿನ ಮೆಟ್ಟಿಲಂತೆ, ಪಕ್ಕದಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲವಂತೆ. ಬಾಬಿನ್ ಅದರ ಮೇಲೆ ಓಡಿದರೆ...

ಇಷ್ಟೆಲ್ಲ ಬರೆದು ಈಗ ತಿರುಗಿ ಓದಿದೆ. ಹೋಗದವಳು ಅಲ್ಲಿನ ಮೆಟ್ಟಿಲಿನ ಬಗ್ಗೆ ಯಾಕೆ ಚಿಂತೆ ಮಾಡುತ್ತಾಳೆ?

ಗೇಟಿನ ಸದ್ದು. ಬಂದರು. ಅವಳು ಬ್ಯಾಗು ಕೆಳಗಿಡುವ ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮತ್ತೆ ಟೀ, ಹೋಂವರ್ಕು, ಮತ್ತೆ ಇಬ್ಬರೂ ಸುಮ್ಮನೆ. ಹೀಗೆ ಹೇಳುತ್ತೇನೆ — ನೋಡಮ್ಮ, ಆ ಮೆಟ್ಟಿಲಿಗೆ ಮೊದಲು ಒಂದು ಕಂಬಿ ಹಾಕ್ಸು, ನಾನು